ಚಮಚ ಬಾಯಿಗಿಟ್ಟ ಮೇಲಿನ ಮಾತು

ಮಾಸ್ಟರ್‌ಶೆಫ್ ಇಂಡಿಯಾದಲ್ಲಿ ನಾನು ಕಾಯುವುದು ಅಡುಗೆಗಲ್ಲ. ಅಡುಗೆ ನಡೆಯುವಾಗ ಎದ್ದು ಹೋಗಿ ಹಾಲು ಕಾಯಿಸಿ, ಗೇಟಿಗೆ ಬೀಗ ಹಾಕಿ ಬಂದರೂ ಏನೂ ತಪ್ಪಿಹೋಗುವುದಿಲ್ಲ. ಯಾರೋ ಓಡುತ್ತಿರುತ್ತಾರೆ. ಯಾರದೋ ಸಾಸ್ ಒಡೆದಿರುತ್ತದೆ. ಇನ್ನು ಹತ್ತೇ ನಿಮಿಷ ಅಂತ ಒಬ್ಬರು ಕೂಗುತ್ತಾರೆ, ಜಾಹೀರಾತು ಬರುತ್ತದೆ, ಜಾಹೀರಾತು ಮುಗಿದ ಮೇಲೆ ಅದೇ ಹತ್ತು ನಿಮಿಷವನ್ನು ಇನ್ನೊಂದು ಸಲ ಕೂಗುತ್ತಾರೆ. ನಾನು ಕಾಯುವುದು ಇದೆಲ್ಲ ಮುಗಿದ ಮೇಲೆ ಬರುವ ಗಳಿಗೆಗೆ. ತಟ್ಟೆ ಮುಂದೆ ಬರುತ್ತದೆ. ತೀರ್ಪುಗಾರರು ಚಮಚ ಬಾಯಿಗಿಡುತ್ತಾರೆ. ಅಡುಗೆ ಮಾಡಿದವರು ಕೈ ಹಿಂದೆ ಕಟ್ಟಿಕೊಂಡು ನಿಂತಿರುತ್ತಾರೆ. ಆಮೇಲೆ ಒಂದು ಪೂರ್ತಿ ಮಾತು ಬರುತ್ತದೆ. ಮಸಾಲೆ ಹಸಿಯಾಗಿದೆ, ಇನ್ನೂ ಸ್ವಲ್ಪ ಹುರಿಯಬೇಕಿತ್ತು. ಹುಳಿ ಚೆನ್ನಾಗಿದೆ, ಆದರೆ ಕೊನೆಗೆ ಹಾಕಿದ್ದರಿಂದ ಉಳಿದದ್ದರ ಜೊತೆ ಸೇರಿಲ್ಲ. ಮೀನು ಎರಡು ನಿಮಿಷ ಮೊದಲೇ ಇಳಿಸಬೇಕಿತ್ತು.

ಏನಾಗಿದೆ, ಯಾಕಾಗಿದೆ, ಏನು ಮಾಡಬೇಕಿತ್ತು. ಮೂರೂ ಒಂದೇ ಉಸಿರಿನಲ್ಲಿ. ಇಂಥ ಮಾತನ್ನು ನಮ್ಮ ಕಡೆ ಊಟಕ್ಕೆ ಕೂತವರ ಬಾಯಲ್ಲಿ ನಾನು ಕೇಳಿರಲಿಲ್ಲ.

ಹಾಗಂತ ನಮ್ಮ ಹಾಸನದ ಮನೆಗಳಲ್ಲಿ ತೀರ್ಪು ಇರಲಿಲ್ಲವೇ? ದಿನಕ್ಕೆ ಮೂರು ಹೊತ್ತು ಇತ್ತು. ಕೊಡುತ್ತಿದ್ದವರು ಮಾತ್ರ ಒಲೆ ಮುಂದೆ ಒಂದು ದಿನವೂ ಕೂರದವರು. ದೊಡ್ಡಪ್ಪ ಸಾರಿನ ಮೊದಲ ತುತ್ತು ನುಂಗಿ "ಉಪ್ಪು" ಅನ್ನುತ್ತಿದ್ದರು. ಅಷ್ಟೇ. ಜಾಸ್ತಿಯೋ ಕಮ್ಮಿಯೋ ಅನ್ನುವುದನ್ನು ಮುಖ ನೋಡಿ ತಿಳಿದುಕೊಳ್ಳಬೇಕು. ಏನೂ ಮಾತಾಡದೆ ಎರಡನೇ ಮುದ್ದೆ ಹಾಕಿಸಿಕೊಂಡರೆ ಅಡುಗೆ ಚೆನ್ನಾಗಿದೆ ಅಂತ ಲೆಕ್ಕ. ಮದುವೆಯಾಗಿ ಆಲೂರು ಕಡೆಯ ಆ ದೊಡ್ಡ ಮನೆಗೆ ಬಂದಾಗಿನಿಂದ ಅಮ್ಮನಿಗೆ ಸಿಕ್ಕ ಪ್ರಶಸ್ತಿ ಅಂದರೆ ಅದೇ, ಎರಡನೇ ಮುದ್ದೆ.

ಕನ್ನಡದ ಅಡುಗೆ ಕಾರ್ಯಕ್ರಮಗಳಿಂದ ಈ ವಿಷಯದಲ್ಲಿ ಏನೂ ಬದಲಾಗಲಿಲ್ಲ. ಒಗ್ಗರಣೆ ಡಬ್ಬಿ, ಬೊಂಬಾಟ್ ಭೋಜನ ಎಲ್ಲವನ್ನೂ ನೋಡಿದ್ದೇನೆ, ಕೆಲವನ್ನು ಬರೆದುಕೊಂಡು ಮಾಡಿಯೂ ಇದ್ದೇನೆ. ಆದರೆ ಅವು ಕಲಿಸುವ ಕಾರ್ಯಕ್ರಮಗಳು. ಕೊನೆಗೆ ರುಚಿ ನೋಡುವಾಗ ಆಹಾ ಅನ್ನಲೇಬೇಕು. ಮನೆಯಿಂದ ಡಬ್ಬಿ ತುಂಬಿಸಿಕೊಂಡು, ಹೊಸ ಸೀರೆ ಉಟ್ಟುಕೊಂಡು ಬಂದ ಹೆಂಗಸಿಗೆ ಕ್ಯಾಮೆರಾ ಮುಂದೆ "ನಿಮ್ಮ ಪಲ್ಯ ಸಪ್ಪೆ ಕಣಮ್ಮ" ಅನ್ನುವುದು ಯಾರಿಗೆ ತಾನೇ ಆಗುತ್ತದೆ? ಆಗಬಾರದು ಕೂಡ.

ಮಾಸ್ಟರ್‌ಶೆಫ್ ಮೂಲದಲ್ಲಿ ಬ್ರಿಟನ್ನಿನದು. ಫ್ರಾಂಕ್ ರಾಡಮ್ ಅನ್ನುವ ಸಿನಿಮಾ ನಿರ್ದೇಶಕರ ಯೋಚನೆ. 1990ರಲ್ಲಿ ಬಿಬಿಸಿಯಲ್ಲಿ ಶುರುವಾಗಿ, ನಡುವೆ ನಿಂತು, 2005ರಲ್ಲಿ ಹೊಸ ವೇಷದಲ್ಲಿ ವಾಪಸ್ಸಾಯಿತು. ನಮ್ಮಲ್ಲಿ ಡಿಶ್ ಹಾಕಿಸಿಕೊಂಡವರಿಗೆಲ್ಲ ಅದರ ಹುಚ್ಚು ಹಿಡಿಸಿದ್ದು ಮಾತ್ರ 2009ರಲ್ಲಿ ಶುರುವಾದ ಆಸ್ಟ್ರೇಲಿಯಾದ ಆವೃತ್ತಿ. ಮರುವರ್ಷವೇ, 2010ರ ಅಕ್ಟೋಬರ್‌ನಲ್ಲಿ, ಸ್ಟಾರ್ ಪ್ಲಸ್‌ನಲ್ಲಿ ಇಂಡಿಯಾದ ಆವೃತ್ತಿ ಬಂತು. ತೀರ್ಪುಗಾರರು ನಟ ಅಕ್ಷಯ್ ಕುಮಾರ್, ಜೊತೆಗೆ ಶೆಫ್‌ಗಳಾದ ಕುನಾಲ್ ಕಪೂರ್ ಮತ್ತು ಅಜಯ್ ಚೋಪ್ರಾ. ಅಕ್ಷಯ್ ಕುಮಾರ್ ಸಿನಿಮಾಕ್ಕೆ ಬರುವ ಮೊದಲು ಬ್ಯಾಂಕಾಕಿನಲ್ಲಿ ಅಡುಗೆ ಕೆಲಸ ಮಾಡಿದವರು, ಹಾಗಾಗಿ ಆಯ್ಕೆ ಪೂರ್ತಿ ಸಿನಿಮಾ ಲೆಕ್ಕಾಚಾರವೂ ಅಲ್ಲ ಅನ್ನಿ. ಆ ಮೊದಲ ಸೀಸನ್ ಗೆದ್ದವರು ಲಖನೌದ ಪಂಕಜ್ ಭದೌರಿಯಾ. ಶಾಲೆಯ ಮೇಷ್ಟ್ರ ಕೆಲಸ ಬಿಟ್ಟು ಸ್ಪರ್ಧೆಗೆ ಬಂದಿದ್ದರು. ಕೆಲಸ ಬಿಟ್ಟು ಅಡುಗೆಗೆ ಹೋಗುವುದು ಅಂದರೆ ನಮ್ಮ ಬೀದಿಯಲ್ಲಿ ಆಗ ತಲೆ ಕೆಟ್ಟಿದೆ ಅಂತಲೇ ಅರ್ಥ. ಕೆಲಸ ಇದ್ದೂ ಅಡುಗೆ ಮಾಡುವುದಾದರೆ ಅದು ಸಂಸ್ಕಾರ. ಇರಲಿ.

ಇಂಡಿಯಾದ ಆವೃತ್ತಿ ಮೂಲದ ನಕಲಲ್ಲ, ಅದೇ ಅದರ ಗುಣ, ಅದೇ ಅದರ ಕಾಟ. ಆಸ್ಟ್ರೇಲಿಯಾದವರು ತಟ್ಟೆ ತೋರಿಸುತ್ತಾರೆ, ನಮ್ಮವರು ತಟ್ಟೆಯ ಹಿಂದೆ ನಿಂತ ಅತ್ತೆ ಮಾವಂದಿರನ್ನು ತೋರಿಸುತ್ತಾರೆ. ಬೇಡ ಅಂದ ಅಪ್ಪ, ಹಿಂದೆ ನಿಂತು ನೂಕಿದ ಗಂಡ, ಊರಿಂದ ಬಂದ ವಿಡಿಯೊ ಕರೆ, ಹಿನ್ನೆಲೆಯಲ್ಲಿ ವಯಲಿನ್. ಒಂದು ಮೊಟ್ಟೆ ಒಡೆದರೆ ಅದನ್ನು ಮೂರು ಕೋನದಿಂದ, ಮೂರು ಸಲ, ಗುಡುಗಿನ ಸದ್ದಿನ ಜೊತೆ ತೋರಿಸುತ್ತಾರೆ. ನನಗೆ ಇದು ಸಾಕಾಗಿ ಹೋಗುತ್ತದೆ. ಆದರೆ ಒಂದು ದಿನ ಹಾಗಂತ ಗೊಣಗಿದಾಗ ಅಮ್ಮ ಟಿವಿಯಿಂದ ಕಣ್ಣು ತೆಗೆಯದೆ, "ಅಳಲಿ ಬಿಡು. ಅಡುಗೆಮನೆಯಲ್ಲಿ ಅತ್ತಿದ್ದನ್ನ ಇಷ್ಟು ದಿನ ಯಾರಾದ್ರೂ ನೋಡಿದ್ರಾ?" ಅಂದಳು. ಅಲ್ಲಿಂದ ನಾನು ವಯಲಿನ್ ಬಗ್ಗೆ ಮಾತಾಡುವುದನ್ನು ಬಿಟ್ಟೆ.

ಅಮ್ಮನಿಗೆ ಹಿಂದಿ ಬರುವುದಿಲ್ಲ. ನಮಕ್, ಮಿರ್ಚಿ, ಪಾನಿ, ಬಹುತ್ ಅಚ್ಛಾ ಇಷ್ಟರಲ್ಲಿ ಇಡೀ ಸೀಸನ್ ನೋಡಿ ಮುಗಿಸುತ್ತಾಳೆ. ಮುಖ ನೋಡುತ್ತಾಳೆ. ಆಮೇಲಿನ ಸೀಸನ್‌ಗಳ ತೀರ್ಪುಗಾರ ವಿಕಾಸ್ ಖನ್ನಾ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರೆ ಒಳ್ಳೆಯದು, ಇನ್ನೊಂದು ಸಲ ಚಮಚ ತಟ್ಟೆಗೆ ಹೋದರೆ ಬಹಳ ಒಳ್ಳೆಯದು, ಜೊತೆಯ ತೀರ್ಪುಗಾರ ರಣವೀರ್ ಬ್ರಾರ್ ಹುಬ್ಬು ಗಂಟಿಕ್ಕಿ ಬರೀ ಸಾಸ್ ಮುಟ್ಟಿ ನೋಡಿದರೆ ಕಥೆ ಮುಗಿಯಿತು. ದೊಡ್ಡಪ್ಪನ ಮುಖ ಓದಿ ಅಭ್ಯಾಸವಾದವಳಿಗೆ ಇದೇನು ಕಷ್ಟವಲ್ಲ. ವಿಕಾಸ್ ಖನ್ನಾ ಅಮೃತಸರದವರು, ನ್ಯೂಯಾರ್ಕಿನ ಹೋಟೆಲಿನಲ್ಲಿ ಶೆಫ್ ಆಗಿದ್ದು, ಹೋಟೆಲ್ ಲೋಕದ ದೊಡ್ಡ ಗೌರವವಾದ ಮಿಶೆಲಿನ್ ಸ್ಟಾರ್ ಪಡೆದವರು, ಆದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ದು ನಮ್ಮ ಮಣಿಪಾಲದಲ್ಲಿ. ಅಡುಗೆ ಪಾತ್ರೆ ಪಗಡಗಳ ದೊಡ್ಡ ಮ್ಯೂಸಿಯಂ ಒಂದನ್ನೂ ಅಲ್ಲೇ ಮಾಡಿದ್ದಾರೆ. ಇದನ್ನು ಹೇಳಿದ ಮೇಲೆ ಅಮ್ಮ ಅವರನ್ನು "ನಮ್ಮ ಮಣಿಪಾಲದ ಹುಡುಗ" ಅಂತಲೇ ಕರೆಯುತ್ತಾಳೆ. 7ನೇ ಸೀಸನ್‌ಗೆ, ಅಂದರೆ 2023ರ ಶುರುವಿನಲ್ಲಿ, ಗರಿಮಾ ಅರೋರಾ ತೀರ್ಪುಗಾರರಾಗಿ ಬಂದಾಗ ಅತ್ತಿಗೆ ನೆಟ್ಟಗೆ ಕೂತರು. ಬ್ಯಾಂಕಾಕಿನ ತಮ್ಮ ರೆಸ್ಟೋರೆಂಟಿಗೆ 2018ರಲ್ಲಿ ಮಿಶೆಲಿನ್ ಸ್ಟಾರ್ ತಂದುಕೊಂಡವರು, ಆ ಗೌರವ ಸಿಕ್ಕ ಮೊದಲ ಭಾರತೀಯ ಮಹಿಳೆ. ಅತ್ತಿಗೆಗೆ ಸ್ಟಾರು ಗೀರು ಮುಖ್ಯವಾಗಿರಲಿಲ್ಲ. ಒಂದು ಹೆಂಗಸು ಕೂತು ತಿಂದು, ನಿಂತ ಗಂಡಸಿಗೆ "ಇಲ್ಲಿ ನೀನು ಅವಸರ ಮಾಡಿದ್ದೀಯ" ಅನ್ನುತ್ತಿದ್ದಳಲ್ಲ, ಅದನ್ನು ನೋಡುತ್ತಿದ್ದರು.

ಆಮೇಲೆ ನಮ್ಮ ಮನೆಯಲ್ಲಿ ಒಂದು ತಮಾಷೆ ಶುರುವಾಯಿತು. ಅಣ್ಣ ಎಂದಿನಂತೆ ತಟ್ಟೆ ಮುಂದೆ ಕೂತು "ಇವತ್ತು ಸಾರು ಏನೋ ಸರಿಯಿಲ್ಲ" ಅಂದ. ಅತ್ತಿಗೆ ಸೌಟು ಹಿಡಿದುಕೊಂಡೇ, "ಏನು ಸರಿಯಿಲ್ಲ, ಹೇಳಿ" ಅಂದರು. ಜಗಳದ ದನಿ ಅಲ್ಲ, ನಿಜವಾಗಿ ಕೇಳುವ ದನಿ. ಅಣ್ಣ ಇನ್ನೊಂದು ತುತ್ತು ತಿಂದ. ಏನೋ ಒಂಥರಾ ಅಂದ. "ಒಂಥರಾ ಅಂದ್ರೆ? ಖಾರವಾ, ಹುಳಿಯಾ, ಹಸಿ ವಾಸನೆಯಾ, ಬೇಳೆ ಬೆಂದಿಲ್ವಾ?" ಪಾಪ, ಅವನಿಗೆ ಗೊತ್ತಿದ್ದರೆ ತಾನೇ. ನಲವತ್ತು ದಾಟಿದ ಮನುಷ್ಯ, ಹುಟ್ಟಿದಾಗಿನಿಂದ ಸಾರು ತಿಂದಿದ್ದಾನೆ, ಆದರೆ ಸಾರಿನ ಬಗ್ಗೆ ಎರಡನೇ ವಾಕ್ಯ ಹೇಳಬೇಕಾದ ಪರಿಸ್ಥಿತಿ ಅವನಿಗೆ ಬಂದೇ ಇರಲಿಲ್ಲ. ಕೊನೆಗೆ ಅತ್ತಿಗೆಯೇ ಒಂದು ಹನಿ ಕೈಗೆ ಹಾಕಿಕೊಂಡು ನೋಡಿ, "ಕೊತ್ತಂಬರಿ ಬೀಜ ಹುರಿದದ್ದು ಸಾಲದು" ಅಂದರು. ಅಣ್ಣ ತಲೆಯಾಡಿಸಿದ. ಈಗೀಗ ಅವನೂ ಸ್ವಲ್ಪ ಕಲಿತಿದ್ದಾನೆ. ಮೊನ್ನೆ ಬಸ್ಸಾರು ತಿಂದು, ಬೆಳ್ಳುಳ್ಳಿ ಸುಟ್ಟು ಹಾಕಿದ್ದೀಯಾ ಅಂತ ಕೇಳಿದ. ಹಾಕಿದ್ದರು.

ಎಲ್ಲದಕ್ಕೂ ಅಮ್ಮ ತಲೆದೂಗುವುದಿಲ್ಲ. ಮಾಸ್ಟರ್‌ಶೆಫ್‌ನಲ್ಲಿ ಸ್ಪರ್ಧಿಗಳಿಗೆ ಬೀಳುವ ದೊಡ್ಡ ಬೈಗುಳ ಅಂದರೆ, ಬಡಿಸುವ ಮೊದಲು ರುಚಿ ನೋಡಿದ್ದೀಯಾ? ನೋಡದಿದ್ದರೆ ಮಹಾಪರಾಧ. ಅಮ್ಮನಿಗೆ ಇದು ತಲೆಕೆಳಗು. ನಮ್ಮಲ್ಲಿ ಹಬ್ಬದ ಅಡುಗೆಯನ್ನು ಎಡೆ ಇಡುವ ಮೊದಲು ಬಾಯಿಗೆ ಹಾಕುವ ಹಾಗಿಲ್ಲ. ಗೌರಿಗಾಗಲಿ, ಪಿತೃಪಕ್ಷದಲ್ಲಿ ಹಿರಿಯರಿಗಾಗಲಿ, ಎಂಜಲಾಗದ್ದು ಹೋಗಬೇಕು. ಹಾಗಾದರೆ ಉಪ್ಪು ಹೇಗೆ ಗೊತ್ತಾಗುತ್ತದೆ? ಕೈ ಅಳತೆ, ಕುದಿ ಬರುವಾಗಿನ ವಾಸನೆ, ಪಾತ್ರೆಯ ಅಂಚಿನಲ್ಲಿ ಎಣ್ಣೆ ಬಿಡುವ ರೀತಿ. ಹಿರಿಯರ ಹಬ್ಬಕ್ಕೆ ಮಾಂಸದ ಅಡುಗೆಯನ್ನೂ ಅಮ್ಮ ಹಾಗೇ ಮಾಡುತ್ತಾಳೆ, ಒಂದು ಹನಿ ನಾಲಿಗೆಗೆ ಸೋಕಿಸದೆ. ಟಿವಿಯಲ್ಲಿ ಹತ್ತು ಸಲ ಚಮಚ ನೆಕ್ಕುವವರನ್ನು ನೋಡಿ ಅವಳು ಹೇಳುವುದು ಒಂದೇ: "ಮೂಗಿಲ್ವಾ ಇವರಿಗೆ?" ನಾನು ತೀರ್ಪುಗಾರರ ಪಕ್ಷವೇ. ರುಚಿ ನೋಡದೆ ಬಡಿಸುವುದು ದೇವರಿಗೆ ಸರಿ, ದೇವರು ವಾಪಸ್ಸು ಕಳಿಸುವುದಿಲ್ಲ. ಆದರೆ ಅಮ್ಮನ ಮೂಗಿನ ಮೇಲೆ ಪಂದ್ಯ ಕಟ್ಟು ಅಂದರೆ ಕಟ್ಟುತ್ತೇನೆ.

ಈ ಕಾರ್ಯಕ್ರಮಕ್ಕೆ ಕಾಣದ ಅಡುಗೆ ಬಹಳ ಇದೆ ಅನ್ನುವುದು ನಮಗೆ ಗೊತ್ತಾಗುವುದು ಚಳಿಗಾಲದಲ್ಲಿ. ಡಿಸೆಂಬರ್ ಬಂತೆಂದರೆ ಹಾಸನದ ಮಾರ್ಕೆಟ್ಟಿನಲ್ಲಿ ಸೊಗಡಿನ ಅವರೆಕಾಯಿ ರಾಶಿ ಬೀಳುತ್ತದೆ. ಇಬ್ಬನಿ ಬಿದ್ದಷ್ಟೂ ಸೊಗಡು. ಕಾಯಿ ಬಿಡಿಸಬೇಕು, ಕಾಳು ನೆನೆಸಬೇಕು, ಆಮೇಲೆ ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಹಿಸುಕಿ ಸಿಪ್ಪೆಯಿಂದ ಬೇಳೆ ಹಾರಿಸಬೇಕು. ಮನೆಮಂದಿಗೆಲ್ಲ ಸಾಲುವಷ್ಟು ಹಿಸುಕುವುದರೊಳಗೆ ಬೆರಳ ತುದಿ ಸುಕ್ಕಾಗಿ, ನೆಲದ ತುಂಬ ಸಿಪ್ಪೆ, ಟಿವಿಯ ಮೇಲೂ ಒಂದೆರಡು ಬೇಳೆ. ನಾವು ಮಾಸ್ಟರ್‌ಶೆಫ್ ನೋಡುವುದೇ ಈ ಕೆಲಸ ಮಾಡಿಕೊಂಡು. ಆಚೆ ಸ್ಪರ್ಧಿ ಪ್ಯಾಂಟ್ರಿಗೆ ಓಡಿ ಬುಟ್ಟಿ ತುಂಬಿಕೊಂಡು ಬರುತ್ತಾಳೆ. ಸಿಪ್ಪೆ ತೆಗೆದ ಬಾದಾಮಿ, ತೊಳೆದ ಸೊಪ್ಪು, ಮುಳ್ಳು ತೆಗೆದ ಮೀನು, ಎಲ್ಲ ಕಾಲದಲ್ಲೂ ಎಲ್ಲ ಹಣ್ಣು. ಈಚೆ ಮೂರು ಜನ ಹೆಂಗಸರು ಒಂದು ಸಾರಿಗೆ ಬೇಕಾದ ಬೇಳೆ ತಯಾರಿಸುವಷ್ಟರಲ್ಲಿ ಅಲ್ಲಿ ಮೂರು ಕೋರ್ಸಿನ ಊಟ ಆಗಿ, ಒಬ್ಬರು ಮನೆಗೂ ಹೋಗಿರುತ್ತಾರೆ.

ಸಕಲೇಶಪುರ ಕಡೆಯ ಮಳೆಗಾಲದ ಅಡುಗೆಯಂತೂ ಆ ಗಡಿಯಾರಕ್ಕೆ ಸಿಕ್ಕುವುದೇ ಇಲ್ಲ. ಕಳಲೆ ತಗೊಳ್ಳಿ. ಜೂನ್ ಜುಲೈನಲ್ಲಿ ಬಿದಿರು ಮೆಳೆಯಿಂದ ಎಳೆ ಮೊಳಕೆ ಮುರಿದು ತಂದು, ಸಿಪ್ಪೆ ಸುಲಿದು, ಹೆಚ್ಚಿ, ಮೂರು ದಿನ ನೀರಲ್ಲಿ ಇಡಬೇಕು. ದಿನಾ ನೀರು ಬದಲಿಸಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ, ನೀರಲ್ಲಿ ನೆನೆದು, ಬೆಂದು ಅದು ಹೋಗಬೇಕು. ಇದರಲ್ಲಿ ಜಾಣತನ ಎಲ್ಲಿದೆ? ಕಾಯುವುದರಲ್ಲಿದೆ. ಮೂರನೇ ದಿನ ನೀರು ಮೂಸಿ ನೋಡಿ "ಆಯ್ತು" ಅನ್ನುವುದರಲ್ಲಿದೆ. ಅರವತ್ತು ನಿಮಿಷದ ಆಟದಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ಬೇಗ ಆಗುವುದು, ಬಿಸಿ ಎಣ್ಣೆಯಲ್ಲಿ ಆಗುವುದು, ತಟ್ಟೆಯಲ್ಲಿ ನೆಟ್ಟಗೆ ನಿಲ್ಲುವುದು ಮುಂದೆ ಬರುತ್ತದೆ. ನಮ್ಮ ಬಸ್ಸಾರಿನ ಹಾಗೆ ನೀರಾಗಿ ಹರಿಯುವುದು ಹಿಂದೆ ಬೀಳುತ್ತದೆ. ಸೊಪ್ಪು ಕಾಳು ಬೇಯಿಸಿ, ಕಟ್ಟು ಬಸಿದು, ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಸೊಪ್ಪು ಬೆಂದ ನೀರು ಕೂಡ ಚೆಲ್ಲುವುದಿಲ್ಲ. ಇದನ್ನು ಯಾವನಾದರೂ ಫ್ರೆಂಚ್ ಹೆಸರಿಟ್ಟು ಮಾಡಿದ್ದರೆ ನಾಲ್ಕು ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಸ್ವಲ್ಪ ಹೊಟ್ಟೆಕಿಚ್ಚಿನ ಮಾತೇ, ಇರಲಿ ಬಿಡಿ.

ಅಂಥ ಅಡುಗೆಗೂ ಒಮ್ಮೆ ಜಾಗ ಸಿಕ್ಕಿತು, ಆದರೆ ಇಲ್ಲಿ ಅಲ್ಲ. 2021ರ ಆಸ್ಟ್ರೇಲಿಯಾ ಫೈನಲ್‌ನಲ್ಲಿ ಬಾಂಗ್ಲಾ ಮೂಲದ ಕಿಶ್ವರ್ ಚೌಧರಿ ಪಂತಾ ಭಾತ್ ಮಾಡಿದರು. ಅಂದರೆ ರಾತ್ರಿ ನೀರು ಹಾಕಿಟ್ಟ ಅನ್ನ, ಜೊತೆಗೆ ಆಲೂಗಡ್ಡೆ ಕಿವುಚಿದ್ದು, ಮೀನು. ಇಂಥದ್ದನ್ನು ಹೋಟೆಲಿನಲ್ಲಿ ಎಲ್ಲೂ ನೋಡಲು ಸಿಗುವುದಿಲ್ಲ ಅಂತ ಅವರೇ ಹೇಳಿಕೊಂಡರು. ತೀರ್ಪುಗಾರರು ತಿಂದು ಮೆಚ್ಚಿ, ಯಾಕೆ ಮೆಚ್ಚಿದೆವು ಅಂತಲೂ ಹೇಳಿದರು. ಕಿಶ್ವರ್ ಗೆಲ್ಲಲಿಲ್ಲ, ಮೂರನೆಯವರಾದರು. ನಾನು ಫೋನಿನಲ್ಲಿ ಆ ತುಣುಕು ತೋರಿಸಿದಾಗ ಅಮ್ಮನಿಗೆ ನಂಬಿಕೆ ಬರಲಿಲ್ಲ. ತಂಗಳನ್ನ! ಬೆಳಿಗ್ಗೆ ಮೊಸರು, ಈರುಳ್ಳಿ, ಉಪ್ಪಿನಕಾಯಿ ಹಾಕಿ ಕಲಸಿ ತಿಂದು ಕೆಲಸಕ್ಕೆ ಇಳಿಯುತ್ತಿದ್ದವಳು ಅವಳು. ಯಾರಾದರೂ ನೆಂಟರು ಬಂದರೆ ಆ ಪಾತ್ರೆಯನ್ನು ಮುಚ್ಚಿಡುತ್ತಿದ್ದಳು.

ಇಂಡಿಯಾದ ಆವೃತ್ತಿಯಲ್ಲಿ ಇನ್ನೊಂದು ತಕರಾರು ಮಾಂಸದ್ದು. 2015ರ 4ನೇ ಸೀಸನ್ ಪೂರ್ತಿ ಸಸ್ಯಾಹಾರ. ಆಮೇಲೆ 7ನೇ ಸೀಸನ್‌ನಲ್ಲಿ ಮೀನಿನ ಸವಾಲು ಬಂದಾಗ, ಮಾಂಸ ಮುಟ್ಟದ ಸ್ಪರ್ಧಿಯೊಬ್ಬರಿಗೆ ಪನೀರ್ ಕೊಟ್ಟರು ಅಂತ ಜಾಲತಾಣಗಳಲ್ಲಿ ದೊಡ್ಡ ಗಲಾಟೆ. ನಮ್ಮ ಮನೆಯಲ್ಲೂ ಸಣ್ಣ ಗಲಾಟೆ. ಹಾಸನದಲ್ಲಿ ಇದು ದಿನದ ಬದುಕು, ಸೋಮವಾರ ಶನಿವಾರ ಬಿಟ್ಟು ಉಳಿದ ದಿನ ಅದೇ ಒಲೆಯಲ್ಲಿ ಎರಡೂ ನಡೆಯುತ್ತದೆ, ತಿನ್ನದವರಿಗೆ ಬೇರೆ ಪಾತ್ರೆ ಇಡುತ್ತಾರೆ, ಯಾರೂ ಭಾಷಣ ಮಾಡುವುದಿಲ್ಲ. ಅವರವರ ಆಚಾರಕ್ಕೆ ಮರ್ಯಾದೆ ಕೊಡಲೇಬೇಕು. ಆದರೆ ಪಂದ್ಯದ ಲೆಕ್ಕದಲ್ಲಿ ಮೀನು ಬೇರೆ, ಪನೀರ್ ಬೇರೆ. ಮೀನು ಒಲೆ ಮೇಲೆ ಎರಡು ನಿಮಿಷ ಜಾಸ್ತಿ ಇದ್ದರೆ ಒಣಗಿ ನಾರಾಗುತ್ತದೆ, ಪನೀರ್ ಅಷ್ಟನ್ನು ಮನ್ನಿಸುತ್ತದೆ. ಹೆದರಿಕೆಯೇ ಇಲ್ಲದ ಕಡೆ ಪರೀಕ್ಷೆ ಏನು? ಮಾಂಸ ತಿನ್ನದವರಿಗೂ ಅಷ್ಟೇ ಕಷ್ಟದ ಇನ್ನೊಂದನ್ನು ಕೊಡಬಹುದಿತ್ತು. ಒತ್ತು ಶಾವಿಗೆ ಮಾಡಿಸಲಿ ನೋಡೋಣ.

ಇತ್ತೀಚಿನ ಸೀಸನ್‌ಗಳಲ್ಲಿ ನನಗೆ ಖುಷಿ ಕೊಟ್ಟದ್ದು ಗೆದ್ದವರ ಊರುಗಳು. 6ರಲ್ಲಿ ಒಡಿಶಾದ ಅಬಿನಾಶ್ ನಾಯಕ್. 7ರಲ್ಲಿ ಅಸ್ಸಾಮಿನ ತಿನ್ಸುಕಿಯಾದ ನಯನ್‌ಜ್ಯೋತಿ ಸೈಕಿಯಾ. 2023ರ ಕೊನೆಯಲ್ಲಿ ಮುಗಿದ 8ರಲ್ಲಿ ನಮ್ಮ ಮಂಗಳೂರಿನ ಮೊಹಮ್ಮದ್ ಆಶಿಕ್. ದಿಲ್ಲಿ ಮುಂಬೈ ಯಾವುದೂ ಅಲ್ಲ. ಆಶಿಕ್ ಹೋಟೆಲ್ ಮ್ಯಾನೇಜ್‌ಮೆಂಟ್ ಓದಬೇಕೆಂದಿದ್ದರೂ ದುಡ್ಡಿನ ತೊಂದರೆಯಿಂದ ಆಗದೆ, ಮಂಗಳೂರಿನಲ್ಲಿ ಜ್ಯೂಸ್ ಅಂಗಡಿ ನಡೆಸುತ್ತಿದ್ದ ಹುಡುಗ. ಹಿಂದಿನ ಸೀಸನ್‌ಗೂ ಬಂದು ಒಳಗೆ ಹೋಗಲಾಗದೆ ವಾಪಸ್ ಹೋಗಿದ್ದರು. ಮುಂದಿನ ಸಲ ಬಂದು ಗೆದ್ದರು. ಶಿರಾಡಿ ಘಾಟಿ ಇಳಿದರೆ ಮಂಗಳೂರು, ನಮ್ಮ ಹಾಸನಕ್ಕೆ ಮೀನು ಬರುವ ದಾರಿ ಅದು. ಅವತ್ತು ನಮ್ಮ ಬೀದಿಯ ಮೀನಂಗಡಿಯವರು ತಮ್ಮ ನೆಂಟನೇ ಗೆದ್ದ ಹಾಗೆ ಮಾತಾಡುತ್ತಿದ್ದರು. 7ನೇ ಸೀಸನ್‌ನಲ್ಲಿ ಬಂದಿದ್ದ ಮುಂಬೈನ ಊರ್ಮಿಳಾ ಆಶರ್ ಕೂಡ ನೆನಪಾಗುತ್ತಾರೆ. 70 ದಾಟಿದ ಅಜ್ಜಿ, ಗುಜ್ಜು ಬೆನ್ ಅಂತ ಹೆಸರಾಗಿದ್ದರು, 2025ರಲ್ಲಿ ತೀರಿಕೊಂಡರು. ಆ ವಯಸ್ಸಿನಲ್ಲಿ ನಿಂತು, ತನ್ನ ಅಡುಗೆಯಲ್ಲಿ ಏನು ಕೊರತೆ ಅಂತ ಮೊಮ್ಮಕ್ಕಳ ವಯಸ್ಸಿನವರಿಂದ ನಗುತ್ತಾ ಕೇಳಿಸಿಕೊಳ್ಳುತ್ತಿದ್ದರು. ಅದು ನನ್ನಿಂದ ಈಗಲೇ ಆಗುವುದಿಲ್ಲ.

ಕಾರ್ಯಕ್ರಮ ಜನಪ್ರಿಯ ಆದಮೇಲೆ ನಮ್ಮಲ್ಲೂ ಅಡುಗೆ ಸ್ಪರ್ಧೆಗಳು ಜಾಸ್ತಿಯಾದವು. ಗಣೇಶನ ಪೆಂಡಾಲಿನಲ್ಲಿ, ರಾಜ್ಯೋತ್ಸವದಲ್ಲಿ, ಮಹಿಳಾ ಸಂಘಗಳಲ್ಲಿ. ಕೃಷಿ ಇಲಾಖೆಯವರು ಸಿರಿಧಾನ್ಯ ಮತ್ತು ಮರೆತುಹೋದ ಖಾದ್ಯಗಳ ಸ್ಪರ್ಧೆಗಳನ್ನು ಜಿಲ್ಲೆಗಳಲ್ಲಿ ನಡೆಸಿದ್ದಾರೆ, ಅದು ಒಳ್ಳೆಯ ಕೆಲಸ. ಬೀದಿ ಮಟ್ಟದಲ್ಲಿ ಮಾತ್ರ ಹೆಚ್ಚಾಗಿ ಬೆಂಕಿ ಇಲ್ಲದ ಅಡುಗೆ. ಪೆಂಡಾಲಿಗೆ ಬೆಂಕಿ ತಾಗಬಾರದಲ್ಲ. ಹಾಗಾಗಿ ಅಡುಗೆ ಸ್ಪರ್ಧೆ ಹೋಗಿ ಕತ್ತರಿಸುವ ಸ್ಪರ್ಧೆ ಆಗುತ್ತದೆ. ಸೌತೆಕಾಯಿ ದೋಣಿ, ಕ್ಯಾರೆಟ್ ಗುಲಾಬಿ, ಬ್ರೆಡ್ಡಿನ ಮೇಲೆ ಬೆಣ್ಣೆಯಲ್ಲಿ ಬರೆದ ಓಂ.

ನಾನು ನೋಡಿದ ಒಂದು ಸ್ಪರ್ಧೆಯಲ್ಲಿ ಮನೆಯಿಂದ ಮಾಡಿ ತರಬಹುದಿತ್ತು. ಟಿವಿ ನೋಡಿ ಕಲಿತದ್ದೆಲ್ಲ ಅಲ್ಲಿತ್ತು. ಏಪ್ರನ್ ಇತ್ತು, ಕೌಂಟ್‌ಡೌನ್ ಇತ್ತು, ದೊಡ್ಡ ಬಿಳಿ ತಟ್ಟೆಯ ಮಧ್ಯೆ ಚಿಟಿಕೆಯಷ್ಟು ಊಟ ಇಟ್ಟು ಸುತ್ತ ಚಟ್ನಿಯ ಚುಕ್ಕಿ ಇಡುವುದೂ ಇತ್ತು. ತೀರ್ಪುಗಾರರು ಮೂವರು ಬಂದರು. ಒಬ್ಬೊಬ್ಬರ ಮುಂದೆ ನಿಂತು ಚಮಚ ಬಾಯಿಗಿಟ್ಟು, ತಲೆಯಾಡಿಸಿ, ಚೀಟಿಯಲ್ಲಿ ನಂಬರ್ ಬರೆದುಕೊಂಡು ಮುಂದೆ ಹೋದರು. ಮಾತಿಲ್ಲ. ಬಹುಮಾನ ಕೂಗಿದರು, ಫೋಟೊ ಆಯಿತು. ಸ್ಟೀಲ್ ಡಬ್ಬಿಯಲ್ಲಿ ನುಚ್ಚಿನುಂಡೆ, ಮಜ್ಜಿಗೆ ಹುಳಿ ತಂದಿದ್ದ ಹೆಂಗಸೊಬ್ಬರು, ಒಳ್ಳೆ ನುಚ್ಚಿನುಂಡೆ, ಹಬೆಯಲ್ಲಿ ಬೆಂದೂ ಒಡೆದಿರಲಿಲ್ಲ, ಮೆಲ್ಲಗೆ ಹತ್ತಿರ ಹೋಗಿ "ಸಾರ್, ನಂದ್ರಲ್ಲಿ ಏನು ಕಮ್ಮಿ ಆಗಿತ್ತು?" ಅಂತ ಕೇಳಿದರು. "ಏನೂ ಇಲ್ಲಮ್ಮ, ಎಲ್ಲರದ್ದೂ ಚೆನ್ನಾಗಿತ್ತು" ಅಂದು ಅವರು ಕಾಫಿಗೆ ಹೋದರು. ನನಗೆ ಸಿಟ್ಟು ಬಂತು. ಏಪ್ರನ್ ತಂದರು, ಗಡಿಯಾರ ತಂದರು, ಚುಕ್ಕಿ ಚಟ್ನಿ ತಂದರು, ತರಬೇಕಾದ ಒಂದನ್ನು ಮಾತ್ರ ಅಲ್ಲೇ ಬಿಟ್ಟು ಬಂದರು.

ಆ ಮಾತು ನಮ್ಮಲ್ಲಿ ಇಲ್ಲದ್ದೇನಲ್ಲ ಅನ್ನುವುದು ನನಗೆ ಹೊಳೆದದ್ದು ಒಂದು ಬೀಗರೂಟದಲ್ಲಿ. ನಮ್ಮ ಕಡೆ ಮದುವೆಯ ಮೇಲೆ ಬೀಗರೂಟ ಅಂದರೆ ಗೊತ್ತಲ್ಲ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಸಾವಿರ ಜನ, ಪಂಕ್ತಿ ಮೇಲೆ ಪಂಕ್ತಿ. ಹಿಂದೆ ಶಾಮಿಯಾನದ ಕೆಳಗೆ ಅಡುಗೆಯವರು. ಮುದ್ದೆಯ ಹಂಡೆ ಮುಂದೆ ಇಬ್ಬರು ನಿಂತಿದ್ದರು, ಒಬ್ಬ ಕವೆಗೋಲಿನಿಂದ ಹಂಡೆ ಒತ್ತಿ ಹಿಡಿದಿದ್ದ, ಇನ್ನೊಬ್ಬ ಮುದ್ದೆ ಕೋಲಿನಿಂದ ಹಿಟ್ಟು ತಿರುವುತ್ತಿದ್ದ. ಹಿಟ್ಟು ಬೇಯುವ ಮೊದಲೇ ತಿರುವಿದರೆ ಹಸಿ, ತಡವಾದರೆ ಗಂಟು, ಮಾಡಿಟ್ಟು ಆರಿದರೆ ಗಟ್ಟಿ. ಪಂಕ್ತಿ ಕೂರುವ ಹೊತ್ತಿಗೆ ಸರಿಯಾಗಿ ಬಿಸಿ ಉಂಡೆ ಎಲೆಗೆ ಬೀಳಬೇಕು. ಇದಕ್ಕಿಂತ ದೊಡ್ಡ ಪ್ರೆಶರ್ ಟೆಸ್ಟ್ ಯಾವ ಚಾನೆಲ್‌ನಲ್ಲಿದೆ? ಆದರೆ ನಾನು ಹೇಳಹೊರಟದ್ದು ಅದಲ್ಲ. ಬಿಡುವಿನಲ್ಲಿ ಮುಖ್ಯ ಅಡುಗೆಯವರು ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಮಾಸ್ಟರ್‌ಶೆಫ್ ತುಣುಕು ನೋಡುತ್ತಿದ್ದರು. ಯಾವುದೋ ಹುಡುಗ ಗ್ರೇವಿ ಮಾಡುತ್ತಿದ್ದ. ಇವರು ಸುಮ್ನೆ ತಮ್ಮ ಪಾಡಿಗೆ, "ಈರುಳ್ಳಿ ಬಾಡಲಿಲ್ಲ. ಟೊಮೆಟೊ ಹಾಕ್ಬಿಟ್ಟ. ಇನ್ನು ಬಾಡಲ್ಲ, ಹಸಿ ಸಿಹಿ ನಿಲ್ತದೆ" ಅಂದರು. ಸ್ವಲ್ಪ ಹೊತ್ತಿಗೆ ತೀರ್ಪುಗಾರರೂ ಹಿಂದಿಯಲ್ಲಿ ಹೇಳಿದ್ದು ಹೆಚ್ಚು ಕಡಿಮೆ ಅದನ್ನೇ. ತಿನ್ನದೆ, ಮೂಸದೆ, ಫೋನಿನ ಪರದೆಯಲ್ಲಿ ನೋಡಿ ಹೇಳಿದ್ದು ಇವರು.

ಹಾಗೆ ನೋಡಿದರೆ ಅಮ್ಮ, ಚಿಕ್ಕಮ್ಮಂದಿರು ಹಿತ್ತಿಲಲ್ಲಿ ಕೂತು ಮಾತಾಡುತ್ತಿದ್ದದ್ದೂ ಇದೇ ಮಾತು. "ಅವಳು ಹುಣಸೆ ರಸ ಮೊದಲೇ ಹಾಕ್ತಾಳೆ, ಅದಕ್ಕೇ ಕಾಳು ನುಣ್ಣಗಾಗಲ್ಲ." "ಇವಳು ಮಸಾಲೆ ರುಬ್ಬೋವಾಗ ನೀರು ಜಾಸ್ತಿ ಹಾಕ್ತಾಳೆ, ಕಡುಬಿಗೆ ಹೊಂದಲ್ಲ ಆ ಕೋಳಿ ಸಾರು." ಏನಾಗಿದೆ, ಯಾಕಾಗಿದೆ, ಏನು ಮಾಡಬೇಕಿತ್ತು, ಮೂರೂ ಇತ್ತು. ನಾವು ಅದನ್ನು ಹೆಂಗಸರ ಚಾಡಿ ಅಂದುಕೊಂಡಿದ್ದೆವು. ಊಟದ ಮನೆಗೆ ಅದು ಬರುತ್ತಿರಲಿಲ್ಲ. ಅಲ್ಲಿ ಉಪ್ಪು ಅನ್ನುವವರಿದ್ದರು. ಕಾರ್ಯಕ್ರಮ ನಮಗೆ ಹೊಸ ಮಾತು ಕಲಿಸಲಿಲ್ಲ, ಹಿತ್ತಿಲ ಮಾತನ್ನು ಹೊಸಿಲು ದಾಟಿಸಿ ತಟ್ಟೆಯ ಪಕ್ಕಕ್ಕೆ ತಂದಿತು, ಅದೂ ಲೈಟು ಹಾಕಿ, ದುಡ್ಡು ಕೊಟ್ಟು. ಅದಕ್ಕೇ ವಯಲಿನ್ ಸಮೇತ ಅದನ್ನು ಸಹಿಸಿಕೊಳ್ಳುತ್ತೇನೆ.

ತಮಿಳಿನಲ್ಲಿ, ತೆಲುಗಿನಲ್ಲಿ ಮಾಸ್ಟರ್‌ಶೆಫ್ 2021ರಲ್ಲೇ ಬಂತು. ತಮಿಳಿನದ್ದನ್ನು ನಡೆಸಿಕೊಟ್ಟವರು ವಿಜಯ್ ಸೇತುಪತಿ, ತೆಲುಗಿನದ್ದನ್ನು ಶುರು ಮಾಡಿದವರು ತಮನ್ನಾ. ಇಡ್ಲಿಯ ಹದ, ಸಾರಿನ ಹದ ಗೊತ್ತಿರುವ ಭಾಷೆಯಲ್ಲಿ ಬೈಸಿಕೊಳ್ಳುವ ಭಾಗ್ಯ ಅವರಿಗೆ. ಅತ್ತಿಗೆಗೆ ನಾನು ಆಗಾಗ ಕೆಣಕುತ್ತೇನೆ, ಆಡಿಷನ್‌ಗೆ ಹೋಗಿ ಅಂತ. ಹಿಂದಿಯಲ್ಲಿ ಬೈದರೂ ಗೊತ್ತಾಗಲ್ಲ, ಹೊಗಳಿದರೂ ಗೊತ್ತಾಗಲ್ಲ, ಅಷ್ಟಕ್ಕೆ ಯಾಕೆ ಹೋಗಲಿ ಅನ್ನುತ್ತಾರೆ. ಕನ್ನಡದಲ್ಲಿ ಬಂದರೆ? ಅಂದೆ. ಆಗ ಮಾತ್ರ ಯೋಚನೆ ಮಾಡಿದರು. ಹಿಸುಕಿದ ಬೇಳೆ ಸಾರು ಮಾಡುತ್ತಾರಂತೆ, ಬೇಳೆ ಮನೆಯಿಂದಲೇ ಹಿಸುಕಿಕೊಂಡು ಹೋಗಲು ಬಿಟ್ಟರೆ. ಅಕ್ಕಿ ರೊಟ್ಟಿ, ಎಣ್ಣೆಗಾಯಿ ಸರಿ. ಮಳೆಗಾಲವಾದರೆ ಕೆಸುವಿನೆಲೆ ಪತ್ರೊಡೆ. ಮುದ್ದೆ ಮಾತ್ರ ಬೇಡ ಅಂದರು.

ಯಾಕೆ, ನಿಮ್ಮ ಮುದ್ದೆಗೇನಾಗಿದೆ?

"ಆ ತೀರ್ಪುಗಾರರು ಅದನ್ನ ಅಗೀತಾರೆ ಕಣೇ. ಅಗಿದು, ಆಮೇಲೆ ಅಂಟ್ತದೆ ಅಂತ ನನಗೆ ಹೇಳ್ತಾರೆ."